ಟೇಸನ್ ಕಲ್ಲಿನ ಮುದ್ದಮ್ಮ

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ಪೇಟೆ ದಾಟಿ ಗದ್ದೆ ಬಯಲಿಗೆ ಬೀಳುವ ಮೊದಲು ಒಂದು ಕಡೆ ನಿಲ್ಲುತ್ತದೆ. ಕಂಡಕ್ಟರ್ ಬಾಗಿಲ ತಗಡು ಬಡಿದು, "ಟೇಸನ್, ಟೇಸನ್, ಯಾರ್ರೀ ಟೇಸನ್ ಇಳಿಯೋರು?" ಎಂದು ಕೂಗುತ್ತಾನೆ. ಅಲ್ಲಿ ಸ್ಟೇಷನ್ ಇಲ್ಲ. ಹಳಿ ಇಲ್ಲ. ಯಾವತ್ತೂ ಇರಲಿಲ್ಲ. ಇರುವುದು ಒಂದು ಖಾಲಿ ನೆಲ, ಅದರ ನಡುವೆ ಮೊಣಕಾಲೆತ್ತರದ ಒಂದು ಕಲ್ಲು, ಮೂರು ಕಡೆಯಿಂದ ಆ ಕಲ್ಲನ್ನೇ ನೋಡುತ್ತ ನಿಂತ ಮನೆಗಳು.

ಅವುಗಳಲ್ಲಿ ಒಂದು ನಮ್ಮದು. ಎರಡು ಸಾವಿರದ ನಾಲ್ಕರಲ್ಲಿ, ಸೋಸಲೆಯ ತವರಿನಲ್ಲಿ ಬಾಣಂತನ ಮುಗಿಸಿಕೊಂಡು, ಮಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಾನು ಆ ಕೂಗಿಗೇ ಇಳಿದೆ. ನನ್ನ ಹಿಂದೆಯೇ ತಗಡಿನ ಟ್ರಂಕು ಹಿಡಿದ ಒಬ್ಬ ಹೆಂಗಸು ಇಳಿದಳು. ಅತ್ತಿತ್ತ ನೋಡಿ, "ಟೇಸನ್ ಎಲ್ಲವ್ವ?" ಎಂದು ಗಟ್ಟಿಯಾಗಿ ಕೇಳಿದಳು.

ನೆಲದ ಅಂಚಿನಲ್ಲಿದ್ದ ತಗಡಿನ ಶೆಡ್ಡಿನಿಂದ ಐವತ್ತು ದಾಟಿದ ಒಬ್ಬರು ಸರಸರನೆ ಬಂದರು. ಬಾಯಿ ತುಂಬ ಎಲೆಯಡಿಕೆ, ಬರಿ ಮೂಗು, ಕಾಲಿಗೆ ರಬ್ಬರ್ ಚಪ್ಪಲಿ. ಬಂದವರೇ ಆ ಹೆಂಗಸಿನ ತೋಳು ಹಿಡಿದು ರಸ್ತೆಯ ಕಡೆ ತಿರುಗಿಸಿದರು.

"ಮೆಲ್ಲಗೆ ಮಾತಾಡವ್ವ. ಇಲ್ಲಿ ಟೇಸನ್ನೂ ಇಲ್ಲ, ರೈಲೂ ಇಲ್ಲ. ಪೇಟೇಲಿರೋದು ನಿಜವಾದ ಟೇಸನ್ನು, ಅದನ್ನೂ ಈಗ ಮುಚ್ಚವ್ರೆ. ಮುಂದಿನ ಬಸ್ ಅತ್ಕೊಂಡು ಓಗು."

"ಅಂಗಂತ ಇಷ್ಟು ಮೆಲ್ಲಗೆ ಯಾಕೆ?"

"ನೀನು ಕೇಳಿದ್ದು ಅವ್ರಿಗೆ ಕೇಳುಸ್ತು ಅಂದ್ರೆ ಎಲ್ರೂ ಕೇಳಕ್ ಸುರು ಮಾಡ್ತಾರೆ."

ಅವರು ಗಲ್ಲದಿಂದ ಖಾಲಿ ನೆಲದ ಕಡೆ ತೋರಿಸಿದರು. ಅಲ್ಲಿ ಯಾರೂ ಇರಲಿಲ್ಲ. ನನ್ನ ಮಗಳು ಸೆರಗಿನಿಂದ ತಲೆ ಹೊರಗೆ ಹಾಕಿ, ಅದೇ ಕಡೆ ನೋಡಿ ನಕ್ಕಳು.

ಅವರೇ ಮುದ್ದಮ್ಮ. ನೆಲ ಅವರದು. ಕಲ್ಲು ಇದ್ದದ್ದು ಅವರ ನೆಲದಲ್ಲಿ.

ನಮ್ಮ ಲೇಔಟಿನಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲುಗಳು. ಮನೆಗಳು ಬಸ್ಸಿನ ರಸ್ತೆಗೆ ಬೆನ್ನು ಹಾಕಿ ಕೂತಿದ್ದವು. ಎಲ್ಲ ಬಾಗಿಲೂ ಖಾಲಿ ನೆಲಕ್ಕೆ. ಪ್ರತಿ ಮನೆಯ ಕೆಳಗೂ ಮಳಿಗೆ, ಮಳಿಗೆಗೆ ರೋಲಿಂಗ್ ಶಟರ್. ಒಂದಕ್ಕೂ ವ್ಯಾಪಾರ ಹತ್ತಿರಲಿಲ್ಲ. ನಾವು ಮಳಿಗೆಯಲ್ಲಿ ಸೌದೆ, ಮಗುವಿನ ತೊಟ್ಟಿಲು ಬಂದ ರಟ್ಟಿನ ಪೆಟ್ಟಿಗೆ ಇಟ್ಟಿದ್ದೆವು. ರಸ್ತೆಗಳೆಲ್ಲ ನೇರವಾಗಿ ಬಂದು ನೆಲದ ಅಂಚಿಗೆ ತಟ್ಟನೆ ನಿಂತುಬಿಡುತ್ತಿದ್ದವು. ಒಂದು ಮೂಲೆಯಲ್ಲಿ 'ಆಟೋ ನಿಲ್ದಾಣ' ಎಂದು ಬೋರ್ಡು, ಬೋರ್ಡಿನ ಕೆಳಗೆ ಹುಲ್ಲು. ಇನ್ನೊಂದು ಮೂಲೆಯಲ್ಲಿ ಅರ್ಧಕ್ಕೆ ನಿಂತ ಲಾಡ್ಜು, ಕಿಟಕಿಗಳಿಗೆ ಚೌಕಟ್ಟಿಲ್ಲ. ಬರಬೇಕಾದವರಿಗಾಗಿ ಎಲ್ಲ ಸಿದ್ಧವಾಗಿತ್ತು.

"ರೈಲು ಬರಲಿ, ಮಳಿಗೆ ಬಾಡಿಗೆಗೆ ಹೋಗುತ್ತೆ" ಎಂದು ನನ್ನ ಯಜಮಾನರು ಶಿವಮೂರ್ತಿ ಹೇಳುತ್ತಿದ್ದರು. ಅವರಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ಲೇಔಟ್ ಮಾಡಿದ ನಿಂಗರಾಜು ಅವರಿಗೆ ಹಾಗೇ ಹೇಳಿ ಸೈಟು ಮಾರಿದ್ದ. ನಂಜನಗೂಡಿನಿಂದ ನರಸೀಪುರದವರೆಗೆ ಸಣ್ಣ ರೈಲು, ಇಲ್ಲೇ ಸ್ಟೇಷನ್, ಕಲ್ಲು ನೆಟ್ಟಾಗಿದೆ, ಬೇಕಾದರೆ ಮುಟ್ಟಿ ನೋಡಿ ಸಾರ್ ಎಂದು.

ಮುದ್ದಮ್ಮ ನಮ್ಮ ಮನೆಗೆ ಬಂದದ್ದು ಮಗುವಿಗೆ ಎಣ್ಣೆ ನೀರು ಹಾಕಲು. ಅತ್ತೆ ಇಲ್ಲದ ಮನೆ, ನನಗೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳಲೂ ಬರುತ್ತಿರಲಿಲ್ಲ. ಅವರು ಕಾಲು ಚಾಚಿ ಕೂತು, ಮಗುವನ್ನು ಬೋರಲು ಹಾಕಿ, ಬೆನ್ನು ತಿಕ್ಕುತ್ತ ತಮ್ಮ ಕಥೆ ಹೇಳುತ್ತಿದ್ದರು. ಬಚ್ಚಲ ಹೊಗೆ ಕಣ್ಣಿಗೆ ಬಿದ್ದು ನಾನೂ ಅಲ್ಲೇ ಮೂಗು ಒರೆಸಿಕೊಳ್ಳುತ್ತ ಕೇಳುತ್ತಿದ್ದೆ. ಮಧ್ಯಾಹ್ನ ಮಗು ಮಲಗಿದ ಮೇಲೆ ಡೈರಿಯಲ್ಲಿ ಬರೆದಿಡುತ್ತಿದ್ದೆ, ಹಾಲಿನ ಲೆಕ್ಕ, ಲಸಿಕೆಯ ದಿನಗಳ ಪಕ್ಕದಲ್ಲೇ.

ಅವರ ಗಂಡ ಮಾದಯ್ಯನವರ ಮನೆತನದವರು ತಲೆಮಾರುಗಳಿಂದ ಊರಿನ ಕುಳವಾಡಿಗಳು. ಊರ ಗಡಿ ಎಲ್ಲಿ, ಯಾರ ಹೊಲದ ಕಲ್ಲು ಎಲ್ಲಿ ಎಂದು ನೆನಪಿಟ್ಟುಕೊಳ್ಳುವುದು ಅವರ ಕೆಲಸ. ಹೊಸ ಊರು ಕಟ್ಟುವಾಗ ಊರ ನಡುವೆ ಕರುಗಲ್ಲು ನೆಡುತ್ತಾರಲ್ಲ, ಅದಕ್ಕೆ ಗುಂಡಿ ತೋಡುವವರೂ ಅವರೇ. ಆದರೆ ಅವರ ಮನೆಗಳು ಊರಾಚೆಯ ಕೇರಿಯಲ್ಲಿ. ಕರುಗಲ್ಲಿನ ಎದುರು ಅವರಿಗೆ ಬಾಗಿಲಿಲ್ಲ.

"ನಾವ್ ನೆಟ್ ಕಲ್ಲು, ನಮ್ ಮನೆ ಬಾಗ್ಲಿಂದ ಕಾಣಕಿಲ್ಲ ಕಣವ್ವ" ಎಂದು ಮುದ್ದಮ್ಮ ಒಮ್ಮೆ ಅಂದರು.

ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಈ ತುಂಡು ನೆಲದಲ್ಲಿ ಗಂಡ ಹೆಂಡತಿ ರಾಗಿ ಹಾಕಿಕೊಂಡಿದ್ದರು. ತೊಂಬತ್ತಾರನೇ ಇಸವಿಯಲ್ಲಿ ಜೀಪಿನಲ್ಲಿ ಸರ್ವೆಯವರು ಬಂದರು. ಮುಕ್ಕಾಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಹೊಲದುದ್ದಕ್ಕೂ ನೋಡಿದರು. ಲೈಟ್ ರೈಲು ಬರುತ್ತದೆ ಎಂದರು.

"ನಮ್ಮೋರು ಕೇಳುದ್ರು, ಲೈಟ್ ರೈಲು ಅಂದ್ರೆ ಲೈಟ್ ಆಕ್ಕೊಂಡು ಬರೋ ರೈಲಾ ಸಾ? ಆ ಸಾಯೇಬ್ರು ನಕ್ಬುಟ್ಟು, ಅಲ್ಲಯ್ಯ, ಅಗುರದ ರೈಲು ಅಂದ್ರು. ಅಗುರದ ರೈಲಲ್ಲಿ ಎಂಥ ಜನ ಕೂತ್ಕೊಂಡಾರು ಅಂತ ಇವರ್ಗೆ ಯೋಚ್ನೆ."

ಸಾಹೇಬರು ಒಂದು ಕಡೆ ಸುಣ್ಣದಿಂದ ಗುರುತು ಹಾಕಿ, ಕಲ್ಲು ನೆಡು ಎಂದರಂತೆ. ಸುಮ್ಮನೆ ಅಷ್ಟು ಹೇಳಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಮಾತಿಗೆ ಮಾತು ಬಂದು, "ನೋಡ್ತಾ ಇರು, ಇನ್ನು ಈ ಕಲ್ಲಿನಿಂದಲೇ ಊರು ಬೆಳೆಯೋದು" ಎಂದುಬಿಟ್ಟರು. ಮಾದಯ್ಯ ಪಿಕಾಸಿ ಕೆಳಗಿಟ್ಟರು. ಊರು ಬೆಳೆಸುವ ಕಲ್ಲೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ.

ಜೀಪು ಹೋಗುವವರೆಗೆ ತಡೆದು, ಸ್ನಾನ ಮಾಡಿ ಬಂದರು. ಹೆಂಡತಿಯಿಂದ ಒಂದು ಲೋಟ ಹಾಲು, ಒಂದು ಹಿಡಿ ರಾಗಿ ಕೇಳಿದರು. ಗುಂಡಿಗೆ ಚಿನ್ನ ಬೀಳಬೇಕು, ಅವರಲ್ಲಿ ಚಿನ್ನ ಎಂದರೆ ಮುದ್ದಮ್ಮನ ಮೂಗುಬೊಟ್ಟು. ಅದನ್ನೂ ಬಿಚ್ಚಿ ಕೊಟ್ಟರು. ಕಲ್ಲು ನಿಲ್ಲಿಸಿ, ಮಣ್ಣು ಮುಚ್ಚಿ, ಕುಳವಾಡಿ ಮಾಡಬೇಕಾದ ಕಡೆಯ ಕೆಲಸವನ್ನೂ ಮಾಡಿದರು. ನಾಲ್ಕು ದಿಕ್ಕಿಗೂ ತಿರುಗಿ ಕೂಗಿದರು.

"ಏನಂತ ಕೂಗಿದ್ರು ದೊಡ್ಡವ್ವ?"

ಮುದ್ದಮ್ಮ ಮಗುವಿನ ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಹೇಳಿದರು. "ಬರೋರೆಲ್ಲ ಬನ್ರಪ್ಪೋ, ಮನೆಗೆ ಜಾಗ ಅದೆ, ಅಂತ."

"ಆಮೇಲೆ?"

"ಆಮೇಲೇನು. ಬಂದ್ರು."

ನಾನು ನಕ್ಕೆ. ಅವರು ನಗಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಕೂಗಿಗೆ ಬಂದವರಿಗೆ ಜಾಗ ಅಳೆದು ಕೊಡಬೇಕಾದದ್ದು ಕರೆದವನೇ. ಮಾದಯ್ಯ ರಾಗಿ ಬಿತ್ತುವುದನ್ನು ಬಿಟ್ಟರು. ದಿನವೂ ಹೊಲದಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಅಷ್ಟು ದೂರ ಹೋಗಿ ತಿರುಗುವುದು, ಮತ್ತೆ ಅಷ್ಟು ದೂರ, ಒಂದು ಕಡೆ ಮಾತ್ರ ಹೆಜ್ಜೆ ಎತ್ತಿ ಹಾರಿಸುವುದು. ಅಲ್ಲಿ ಬಾಗಿಲಂತೆ. ಯಾರಿಗಯ್ಯ ಇದು ಎಂದರೆ, "ಕೇಳ್ತಾ ಅವ್ರಲ್ಲ, ಮನೆ ಎಲ್ಲಿ, ಮನೆ ಎಲ್ಲಿ ಅಂತ" ಎನ್ನುತ್ತಿದ್ದರು. ಎರಡು ವರ್ಷ ಹೀಗೆ ನಡೆದು, ಒಂದು ಮಧ್ಯಾಹ್ನ ಕಲ್ಲಿಗೆ ಒರಗಿ ಕೂತವರು ಏಳಲಿಲ್ಲ.

ಅಷ್ಟರಲ್ಲಿ ಕಾಗದದ ಮೇಲಿನ ರೈಲು ತನ್ನ ಕೆಲಸ ಶುರು ಮಾಡಿತ್ತು. ಸುತ್ತಲಿನ ಗದ್ದೆಗಳನ್ನು ನಿಂಗರಾಜು ಕೊಂಡು ಸೈಟು ಕತ್ತರಿಸಿದ. ಮುದ್ದಮ್ಮನ ನೆಲ ಮಾತ್ರ ಪಟ್ಟಣದ ಪ್ಲಾನಿನಲ್ಲಿ ಸಾರಿಗೆಗೆ ಮೀಸಲು ಎಂದು ಬೇರೆ ಬಣ್ಣದಲ್ಲಿತ್ತು. ಅವರದೇ ನೆಲ, ಆದರೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತಿಲ್ಲ. ಕೇರಿಯ ಮನೆ ಮಳೆಗೆ ಬಿದ್ದ ಮೇಲೆ ಇಲ್ಲಿ ಪಾಯ ತೋಡಿಸಿದರು. ಕಚೇರಿಯವರು ಬಂದು ಮುಚ್ಚಿಸಿದರು. ಮತ್ತೆ ತೋಡಿಸಿದರು, ಮತ್ತೆ ಮುಚ್ಚಿಸಿದರು. ಕೊನೆಗೆ ನಾಲ್ಕು ತಗಡು ನಿಲ್ಲಿಸಿಕೊಂಡು, ಬಸ್ಸಿಗೆ ನಿಂತವರಿಗೆ ಬಾಳೆಹಣ್ಣು, ಬೀಡಿ ಮಾರುತ್ತ ಉಳಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು: ಆ ಕಲ್ಲಿನ ಎದುರಿಗೆ ಬಾಗಿಲಿರುವ, ಗೋಡೆ ಎದ್ದ ಒಂದು ಮನೆ.

"ನಿಮಗೊಬ್ಬರಿಗೆ ಒಂದು ರೂಮು ಸಾಕಲ್ಲ ದೊಡ್ಡವ್ವ?" ಎಂದೆ ಒಮ್ಮೆ.

"ನನಗೆ ಈ ತಗಡೇ ಸಾಕು ಕಣವ್ವ. ಅವರ್ಗೆ ಬ್ಯಾಡ್ವಾ? ನಮ್ಮೋರು ಕರೆದ್ಬುಟ್ಟು ಒಂಟೋದ್ರು. ನಿಂತೇ ಅವ್ರೆ ಪಾಪ."

ನಾನು ಇಂಥದ್ದನ್ನು ನಂಬುವವಳಲ್ಲ. ಮಗುವಿರುವ ಮನೆ ಎಂದು ಖಾಲಿ ನೆಲದ ಹಾವಿಗೆ ಹೆದರಿ ಕಿಟಕಿಗೆ ಜಾಲರಿ ಹಾಕಿಸಿದ್ದೆ, ಅಷ್ಟೆ. ಆದರೆ ಮಳೆ ಬಿದ್ದ ಮೇಲೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಕೆಳಗೆ ನೋಡಿದೆ. ಎಳೆಹುಲ್ಲಿನಲ್ಲಿ ಕಡುಹಸಿರು ಗೆರೆಗಳು ಎದ್ದಿದ್ದವು. ಚೌಕಗಳು. ಒಂದರ ಪಕ್ಕ ಒಂದು, ನಡುವೆ ಓಣಿ ಬಿಟ್ಟು, ಎಲ್ಲ ಕಲ್ಲಿನ ಕಡೆ ಮುಖ ಮಾಡಿ. ಪ್ರತಿ ಚೌಕಕ್ಕೂ ಕಲ್ಲಿನ ಕಡೆಗೆ ಒಂದು ಸಂದು. ಮಾದಯ್ಯ ಹೆಜ್ಜೆ ಹಾಕಿ ತುಳಿದ ಮಣ್ಣು ಇಷ್ಟು ವರ್ಷ ಗಟ್ಟಿಯಾಗಿದ್ದು ನೀರು ಹಿಡಿದಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಆಮೇಲೆ ಗಮನಿಸಿದೆ, ನಮ್ಮ ಮನೆಗಳೂ ಅದೇ ಸಾಲಿನಲ್ಲಿ, ಅದೇ ಓಣಿಗಳ ಮುಂದುವರಿಕೆಯಲ್ಲಿ ನಿಂತಿದ್ದವು. ನಿಂಗರಾಜುವಿನ ಇಂಜಿನಿಯರು ಎಳೆದ ಗೆರೆ, ಮಾದಯ್ಯನ ಕಾಲು ಎಳೆದ ಗೆರೆ, ಎರಡೂ ಒಂದೇ. ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆಂದು ಮೇಲಿನಿಂದ ತಿಳಿಯಲಿಲ್ಲ. ಬಕೆಟ್ಟಿನಲ್ಲಿ ಇನ್ನೂ ಬಟ್ಟೆಯಿತ್ತು, ಹಾಗೇ ಇಳಿದು ಬಂದೆ.

ಆ ವರ್ಷಗಳಲ್ಲಿ ಚಾಮರಾಜನಗರದ ಹಳಿ ಅಗಲ ಮಾಡುತ್ತಿದ್ದರು. ನಂಜನಗೂಡಿಗೆ ರೈಲೇ ಇರಲಿಲ್ಲ. ಆದರೂ ಬಿಸಿಲು ಏರಿದ ಹೊತ್ತಿನಲ್ಲಿ ಕೆಳಗಿನ ಶಟರುಗಳು ಸಣ್ಣಗೆ ನಡುಗುತ್ತಿದ್ದವು. ಗಾಳಿಯಿರುತ್ತಿರಲಿಲ್ಲ, ಲಾರಿಯೂ ಇರುತ್ತಿರಲಿಲ್ಲ. ಸಾಲಾಗಿ, ಈ ತುದಿಯಿಂದ ಆ ತುದಿಗೆ, ಯಾರೋ ಬೆರಳು ಆಡಿಸಿಕೊಂಡು ಹೋದಂತೆ. ಆಗ ನನ್ನ ಮಗಳು ಆಟ ಬಿಟ್ಟು ಎದ್ದು, ಜಾಲರಿಗೆ ಮುಖವೊತ್ತಿ, ಖಾಲಿ ನೆಲಕ್ಕೆ ಟಾಟಾ ಮಾಡುತ್ತಿದ್ದಳು. ಒಂದು ಸಲವಲ್ಲ. ಎದುರಿಗಿರುವ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ತಲೆ ತಿರುಗಿಸಿ ತಿರುಗಿಸಿ.

"ಯಾರಮ್ಮ ಅಲ್ಲಿ?"

"ಜನ" ಎನ್ನುತ್ತಿದ್ದಳು. ಆ ಪದ ಅವಳಿಗೆ ನಾನು ಕಲಿಸಿರಲಿಲ್ಲ.

ಮುದ್ದಮ್ಮನಿಗೆ ಹೇಳಿದರೆ, "ಅಗುರದ ರೈಲು ಅಂದ್ರಲ್ಲ, ಅದ್ಕೇ ಅಗುರದ ಜನ. ಏನೂ ಮಾಡಕಿಲ್ಲ, ಎದ್ರುಕೋಬ್ಯಾಡ" ಎಂದು ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟರು.

ಕಲ್ಲಿನ ವಿಷಯಕ್ಕೆ ಅವರಿಗೂ ನಿಂಗರಾಜುವಿಗೂ ಜಟಾಪಟಿ. ಸೈಟು ನೋಡಲು ಜನ ಬರುವ ದಿನ ಅವನು ಕಲ್ಲಿಗೆ ಬಿಳಿ ಪೇಂಟು ಹೊಡೆದು ಸರ್ವೆಯ ಬಾಣದ ಗುರುತು ತಿದ್ದುತ್ತಿದ್ದ. ಅವನು ಹೋದ ಮೇಲೆ ಇವರು ಅರಿಸಿನ ಬಳಿಯುತ್ತಿದ್ದರು. ಕಲ್ಲಿನ ಒಂದು ಮೈ ಬಿಳಿ, ಒಂದು ಮೈ ಹಳದಿ.

"ಏನ್ ಮುದ್ದಮ್ಮ, ನಿನ್ ಪ್ಯಾಸೆಂಜರೆಲ್ಲ ಚೆಂದಾಗವ್ರಾ?" ಎಂದು ಅವನು ಕುಶಾಲು ಮಾಡುತ್ತಿದ್ದ.

"ನಿನ್ ತಾವ್ ಸೈಟ್ ತಕ್ಕಂಡೋರ್ಗಿಂತ ಚೆಂದಾಗವ್ರೆ ಕಣಪ್ಪ. ಅವ್ರು ಬರೀ ಕಾಯ್ತಾವ್ರೆ. ಇವ್ರು ದುಡ್ಡೂ ಕೊಟ್ಟು ಕಾಯ್ತಾವ್ರೆ."

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಸುದ್ದಿ ಬಂತು. ನರಸೀಪುರದ ಸಣ್ಣ ರೈಲನ್ನು ಕೈಬಿಟ್ಟಿದ್ದಾರೆ, ಹೊಸ ಪ್ಲಾನಿನಲ್ಲಿ ಅದಿಲ್ಲ. ಮುದ್ದಮ್ಮನ ನೆಲಕ್ಕೆ ಯಾವ ಬಣ್ಣ ಹಾಕಬೇಕೆಂದು ನೋಡಲು ಅಧಿಕಾರಿ ಬರುತ್ತಾರೆ. ಹಳದಿ ಹಾಕಿದರೆ ಮನೆ ಕಟ್ಟಬಹುದು. ಹಸಿರು ಹಾಕಿದರೆ ಪಾರ್ಕು, ಮುದ್ದಮ್ಮ ತಗಡೂ ಕೀಳಬೇಕು.

ನಿಂಗರಾಜು ಮನೆಮನೆಗೂ ಬಂದ. ರೈಲಂತೂ ಹೋಯಿತು, ಎದುರಿಗೆ ಪಾರ್ಕಾದರೂ ಬಂದರೆ ಮನೆಗಳಿಗೆ ಬೆಲೆ ನಿಲ್ಲುತ್ತದೆ, ಎಲ್ಲರೂ ಸೇರಿ ಕೇಳೋಣ ಎಂದ. ನನ್ನ ಯಜಮಾನರು ತಲೆಯಾಡಿಸಿದರು. ಅವನು ಹೋದ ಮೇಲೆ, ಹಾಗಾದರೆ ಮುದ್ದಮ್ಮ ಎಲ್ಲಿಗೆ ಹೋಗಬೇಕು ಎಂದು ನಾನು ಕೇಳಿದೆ.

"ಮಗುವಿಗೆ ಆಡಲು ಜಾಗವಾಗುತ್ತಲ್ಲ ಇಂದ್ರಾಣಿ" ಎಂದರು.

"ಆ ನೆಲದಲ್ಲಿ ನಿಮ್ಮ ಮಗಳನ್ನು ಆಡೋಕೆ ಬಿಡ್ತೀರಾ? ನಿಜ ಹೇಳಿ."

ಅವರು ಕಿಟಕಿಯ ಕಡೆ ನೋಡಿದರು. ಅವರೂ ಶಟರಿನ ಸದ್ದು ಕೇಳಿದವರೇ, ಒಂದು ದಿನವೂ ನನ್ನ ಹತ್ತಿರ ಬಾಯಿ ಬಿಟ್ಟಿರಲಿಲ್ಲ.

"ಬಿಡಲ್ಲ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಅಧಿಕಾರಿ ಬಂದದ್ದು ಮಟಮಟ ಮಧ್ಯಾಹ್ನ. ತಲೆಗೆ ಟೋಪಿ, ಕಂಕುಳಲ್ಲಿ ನಕ್ಷೆ. ಲೇಔಟಿನವರೆಲ್ಲ ನೆಲದ ಅಂಚಿನಲ್ಲೇ ನಿಂತೆವು, ಒಳಗೆ ಕಾಲಿಡಲಿಲ್ಲ. ಅವರು ಮಾತ್ರ ನೇರ ನಡುವಿಗೆ ಹೋಗಿ, ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನಕ್ಷೆ ಹರಡಿದರು. ಮುದ್ದಮ್ಮ ಸೆರಗು ಹೊದ್ದು ಎದುರಿಗೆ ನಿಂತರು. ಸದ್ದೇ ಇಲ್ಲದ ಹೊತ್ತು, ಅವರ ಮಾತು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಇದು ಸರ್ವೆ ಕಲ್ಲು ತಾನೆ?"

"ನಿಮ್ಗೆ ಸರ್ವೆ ಕಲ್ಲು ಸಾ. ನಮ್ಗೆ ಕರುಗಲ್ಲು."

"ಕರುಗಲ್ಲು ಇದ್ದರೆ ಊರಿರಬೇಕಲ್ಲಮ್ಮ?"

"ಊರು ಅದೆ ಸಾ. ಮನೆ ಇಲ್ಲ, ಅಷ್ಟೇಯ."

ಅವರು ನಕ್ಕು ನಕ್ಷೆಗೆ ಬಗ್ಗಿದರು. ಸ್ವಲ್ಪ ಹೊತ್ತಿಗೆ, ತಲೆ ಎತ್ತದೆ, "ತಾಳಮ್ಮ, ಅದನ್ನೇ ನೋಡ್ತಾ ಇದೀನಿ" ಎಂದರು.

"ನಾನೇನೂ ಕೇಳ್ನಿಲ್ವಲ್ಲ ಸಾ."

"ಮನೆ ಎಲ್ಲಿ ಅಂತ ಕೇಳಿದ್ರಲ್ಲ ಈಗ?"

ಯಾರೂ ಕೇಳಿರಲಿಲ್ಲ. ಮುದ್ದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ಅಧಿಕಾರಿ ಮತ್ತೆ ಬಗ್ಗಿದರು. ಒಮ್ಮೆ ಎಡಕ್ಕೆ ತಿರುಗಿ, "ನಿಮಗೂ ಹೇಳ್ತೀನಿ, ಒಬ್ಬೊಬ್ಬರೇ ಕೇ…" ಎಂದವರು ಅಲ್ಲಿಗೇ ನಿಲ್ಲಿಸಿದರು. ಎಡಕ್ಕೆ ಹುಲ್ಲಿತ್ತು. ಬಲಕ್ಕೆ ನೋಡಿದರು. ಬೆನ್ನ ಹಿಂದೆ ನೋಡಿದರು. ನಮ್ಮ ಕಡೆ ನೋಡಿದರು, ನಾವೆಲ್ಲ ದೂರದಲ್ಲಿದ್ದೆವು. ಆಗ ಶಟರುಗಳು ನಡುಗಿದವು, ಈ ತುದಿಯಿಂದ ಆ ತುದಿಗೆ. ನನ್ನ ಕಂಕುಳಲ್ಲಿದ್ದ ಮಗಳು ಕೈಯೆತ್ತಿ ಟಾಟಾ ಮಾಡಿದಳು. ನಿಂಗರಾಜು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ.

ಅಧಿಕಾರಿ ಜೇಬಿನಿಂದ ಬಣ್ಣದ ಪೆನ್ಸಿಲು ತೆಗೆದರು. ಚೌಕದ ಅಂಚು ತಪ್ಪದಂತೆ ತುಂಬಿದರು. ಹಳದಿ. ನಕ್ಷೆ ಸುತ್ತಿಕೊಂಡು ಬಿರಬಿರನೆ ಜೀಪಿಗೆ ಬಂದರು. ನಿಂಗರಾಜು ಪಾರ್ಕಿನ ಮಾತೆತ್ತಿದ.

"ರೈಲು ರದ್ದಾಗಿದೆ, ಜಮೀನು ಆಯಮ್ಮನದು. ಪಾರ್ಕು ಬೇಕೆಂದರೆ ಪರಿಹಾರ ಕೊಟ್ಟು ತಗೋಬೇಕು. ಕೊಡ್ತೀರಾ?" ಎಂದರು. ಜೀಪು ಹತ್ತಿದ ಮೇಲೆ ಅವರು ಮೆಲ್ಲಗೆ ಒಂದು ಮಾತು ಸೇರಿಸಿದರು. "ಬೇಗ ಕಟ್ಟಿಸಿಬಿಡಿ ಅಂತ ಆಯಮ್ಮನಿಗೆ ಹೇಳಿ."

ಮುದ್ದಮ್ಮ ಮಳೆಗಾಲಕ್ಕೆ ಮೊದಲೇ ಪಾಯ ತೋಡಿಸಿದರು. ಗಾರೆ ಕೆಲಸದ ಜವರಯ್ಯ ಅಳತೆ ನೋಡಿ ತಲೆ ಕೆರೆದುಕೊಂಡ.

"ಒಬ್ಳು ಎಂಗಸ್ಗೆ ಇಷ್ಟ್ ದೊಡ್ ಪಡಸಾಲೆ ಯಾಕವ್ವ? ಛತ್ರ ಮಾಡೀಯಾ?"

"ಊಂ ಕಣಪ್ಪ. ಗ್ವಾಡೆ ಗಟ್ಯಾಗ್ ಕಟ್ಟು."

ಅಡಿಗೆಮನೆ ಗೂಡಿನಷ್ಟು, ಮಲಗುವ ಕೋಣೆಯೇ ಇಲ್ಲ, ಪಡಸಾಲೆ ಮಾತ್ರ ನೆಲದ ಉದ್ದಕ್ಕೂ. ಬಾಗಿಲು ಕಲ್ಲಿಗೆ ಎದುರು. ಕಲ್ಲು ಕಿತ್ತು ಮೂಗುಬೊಟ್ಟು ತೆಗೆದುಕೊಳ್ಳಿ ಎಂದು ನಾನು ಹೇಳಿದೆ, ಈಗ ಮನೆಯಾಯಿತಲ್ಲ. ಅವರು ಬರಿ ಮೂಗು ಮುಟ್ಟಿಕೊಂಡು, "ಅದು ಊರಿಂದು ಕಣವ್ವ" ಎಂದರು.

ಮನೆ ಒಕ್ಕಲಿನ ದಿನ ಬೆಳಿಗ್ಗೆ ನಾನು ಪಾಯಸ ಮಾಡಿ ಪಾತ್ರೆಯಲ್ಲಿ ತುಂಬಿಕೊಂಡು ಹೊರಟೆ. ಮುದ್ದಮ್ಮ ಹೊಸ ಸೀರೆಯುಟ್ಟು ಕಲ್ಲಿನ ಪಕ್ಕ ನಿಂತಿದ್ದರು. ಕಲ್ಲಿಗೆ ಎಲ್ಲ ಮೈಗೂ ಅರಿಸಿನ. ನಾಲ್ಕು ದಿಕ್ಕಿಗೂ ತಿರುಗಿ, ಗಂಡನ ಹಾಗೆಯೇ ಇರಬೇಕು, ಕತ್ತು ಎತ್ತಿ ಕೂಗಿದರು. "ನಿಂತಿರೋರೆಲ್ಲ ಬನ್ರಪ್ಪೋ. ಮನೆ ಇಲ್ಲೇ ಅದೆ. ಒಳೀಕೆ ಬನ್ನಿ."

ಕೂಗಿ ಮುದ್ದಮ್ಮ ಒಳಗೆ ಹೋದರು. ನನ್ನ ಬೆರಳು ಹಿಡಿದಿದ್ದ ಮಗಳು ನೆಲದ ಕಡೆ ನೋಡಿದಳು. ಆಮೇಲೆ ಮನೆಯ ಕಡೆ ನೋಡಿದಳು. ಟಾಟಾ ಮಾಡಲಿಲ್ಲ. ಮುಂದಿನ ಮಳೆಗಾಲ ಹುಲ್ಲು ಒಂದೇ ಬಣ್ಣದಲ್ಲಿ ಎದ್ದಿತು, ತಾರಸಿಯಿಂದ ಎಷ್ಟು ಹುಡುಕಿದರೂ ಗೆರೆ ಕಾಣಲಿಲ್ಲ. ಶಟರುಗಳೂ ಮತ್ತೆ ನಡುಗಲಿಲ್ಲ. ಬಸ್ಸಿನವರು ಮಾತ್ರ ಈಗಲೂ ಟೇಸನ್ ಎಂದೇ ಕೂಗುತ್ತಾರೆ.

ಒಕ್ಕಲಿನ ಆ ಬೆಳಿಗ್ಗೆ ಹೊಸಿಲ ಬಳಿ ನಾನು ನಿಂತೆ. ಪಡಸಾಲೆ ಖಾಲಿ, ಸುಣ್ಣದ ಹಸಿ ವಾಸನೆ. ಗೋಡೆಯುದ್ದಕ್ಕೂ ಹಾಸಿದ ಎಲೆಗಳ ಮುಂದೆ ಬಗ್ಗಿ, ಮುದ್ದಮ್ಮ ಒಂದೊಂದಕ್ಕೂ ನೀರು ಚಿಮುಕಿಸುತ್ತ ಹೋಗುತ್ತಿದ್ದರು. ಪಾತ್ರೆ ಬಿಸಿಯಿತ್ತು, ಕೈ ಸುಡುತ್ತಿತ್ತು. ಒಳಗೆ ಹೆಜ್ಜೆಯಿಡಲು ಹೋದೆ. ಜಾತ್ರೆಯ ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆ ಇಕ್ಕಟ್ಟು. ಮೈಯ ಬಿಸಿ ಮುಖಕ್ಕೆ ತಗುಲಿತು.

"ಸ್ವಲ್ಪ ಸರೀರಿ" ಎಂದೆ, ಯೋಚಿಸದೆ.

ಸರಿದರು.